ಸಾಯುತ್ತಿರುವವರ ಪಕ್ಕ ಕೂತು ಹಾಡುವುದು ಹೇಗೆ

ನಾನು ಮಾಡಿದ ತಪ್ಪಿನಿಂದಲೇ ಶುರು ಮಾಡುತ್ತೇನೆ. ಮೊದಲ ಸಲ ಒಬ್ಬ ಅಜ್ಜಿಯ ಹಾಸಿಗೆ ಪಕ್ಕ ಹಾಡಲು ಕೂತಾಗ, ಸಂಗೀತ ಕಚೇರಿಗೆ ಕೂತ ಹಾಗೆ ಕಣ್ಣು ಮುಚ್ಚಿ, ಪಲ್ಲವಿಯಿಂದ ಹಿಡಿದು ಕೊನೆಯ ಚರಣದವರೆಗೆ ಪೂರ್ತಿ ಹಾಡಿದೆ. ಚೆನ್ನಾಗಿಯೇ ಬಂತು. ಕಣ್ಣು ಬಿಟ್ಟು ನೋಡಿದರೆ ಅಜ್ಜಿ ಗೋಡೆ ಕಡೆ ತಿರುಗಿ ಮಲಗಿದ್ದರು. ಮಗಳು ನನ್ನನ್ನು ಬಾಗಿಲವರೆಗೆ ಬಿಡಲು ಬಂದವರು, ಬೇಜಾರು ಮಾಡ್ಕೋಬೇಡಿ ಅಂತ ಮೊದಲೇ ಹೇಳಿ, ಆಮೇಲೆ ಹೇಳಿದರು: "ಎರಡನೇ ಸಾಲಿಗೇ ಅಮ್ಮನಿಗೆ ಸುಸ್ತಾಗಿತ್ತು. ಸಾಕು ಅಂತ ಕೈ ಆಡಿಸಿದ್ರು. ನೀವು ನೋಡಲಿಲ್ಲ."

ನೋಡಲಿಲ್ಲ, ನಿಜ. ಆವತ್ತಿನಿಂದ ಕಣ್ಣು ಬಿಟ್ಟುಕೊಂಡೇ ಹಾಡುತ್ತೇನೆ.

ಹಾಡು ಕೇಳಿಸಬೇಕು ಅಂದರೆ ಮೊಬೈಲ್ ಇದೆಯಲ್ಲ, ಅದರಲ್ಲಿ ನಿಮಗಿಂತ ಚೆನ್ನಾಗಿ ಹಾಡುವವರು ಸಾವಿರ ಜನ ಸಿಗುತ್ತಾರಲ್ಲ ಅಂತ ಕೇಳುವವರಿದ್ದಾರೆ. ಸರಿಯಾದ ಪ್ರಶ್ನೆಯೇ. ಆದರೆ ಮೊಬೈಲ್‌ಗೆ ಎದುರಿಗಿರುವವರ ಉಸಿರು ಕಾಣುವುದಿಲ್ಲ. ಅವರಿಗೆ ಕೆಮ್ಮು ಬಂದರೂ, ಹುಬ್ಬು ಗಂಟಿಕ್ಕಿದರೂ, ನಿದ್ದೆ ಹತ್ತಿದರೂ ಅದು ತನ್ನ ಪಾಡಿಗೆ ಹಾಡು ಮುಗಿಸಿಯೇ ನಿಲ್ಲುತ್ತದೆ, ಮುಗಿದ ಮೇಲೆ ಒಂದು ಜಾಹೀರಾತು ಬೇರೆ ಹಾಕುತ್ತದೆ. ಪಕ್ಕದಲ್ಲಿ ಕೂತ ಮನುಷ್ಯರು ಅರ್ಧ ಸಾಲಿಗೆ ನಿಲ್ಲಿಸಬಹುದು. ನಿಧಾನ ಮಾಡಬಹುದು. ಒಂದೇ ಸಾಲನ್ನು ಹತ್ತು ಸಲ ಹಾಡಬಹುದು. ಕೆಳಗೆ ಹೇಳಿರುವುದೆಲ್ಲ ಹೆಚ್ಚುಕಡಿಮೆ ಇದರ ಸುತ್ತಲೇ ಇದೆ: ಅವರನ್ನು ನೋಡುತ್ತಾ ಹಾಡುವುದು, ನಿಲ್ಲಿಸಬೇಕಾದಾಗ ನಿಲ್ಲಿಸುವುದು.

ಇನ್ನೊಂದು ಮಾತು ಮೊದಲೇ. ಮ್ಯೂಸಿಕ್ ಥೆರಪಿ ಅನ್ನುವುದು ಓದಿ, ತರಬೇತಿ ಪಡೆದು ಮಾಡುವ ಕೆಲಸ. ಕೆನಡಾದ ಮಾಂಟ್ರಿಯಲ್‌ನ ರಾಯಲ್ ವಿಕ್ಟೋರಿಯಾ ಆಸ್ಪತ್ರೆಯಲ್ಲಿ ಸೂಸನ್ ಮನ್ರೊ ಅನ್ನುವವರು 1970ರ ದಶಕದಲ್ಲೇ ವಾಸಿಯಾಗದ ರೋಗಿಗಳ ವಾರ್ಡಿನಲ್ಲಿ ಇದನ್ನು ಮಾಡುತ್ತಿದ್ದರು. ಆ ವಾರ್ಡು ಶುರು ಮಾಡಿದ ಡಾಕ್ಟರ್ ಬಾಲ್ಫರ್ ಮೌಂಟ್ ಜೊತೆ ಸೇರಿ 1978ರಲ್ಲಿ ವೈದ್ಯಕೀಯ ಪತ್ರಿಕೆಯೊಂದರಲ್ಲಿ ಅದರ ಬಗ್ಗೆ ಬರೆದರು ಕೂಡ. ನಾನು ಥೆರಪಿಸ್ಟ್ ಅಲ್ಲ. ಸುಮ್ನೆ ಹಾಡಲು ಹೋಗುವ ಸ್ವಯಂಸೇವಕರ ಪೈಕಿ. ಇದು ಮನೆಯವರಿಗೆ, ಗೆಳೆಯರಿಗೆ, ಹಾಡಲು ಬರುವವರಿಗೆ, ಬರುವುದಿಲ್ಲ ಅಂದುಕೊಂಡವರಿಗೂ ಬರೆದದ್ದು.

ಮೊದಲು ಕೇಳಿ

ರೋಗಿ ಮಾತಾಡುವ ಸ್ಥಿತಿಯಲ್ಲಿದ್ದರೆ ಅವರನ್ನೇ ಕೇಳಿ. ಮಗನನ್ನಲ್ಲ, ಸೊಸೆಯನ್ನಲ್ಲ. ಹಾಸಿಗೆ ಹಿಡಿದವರ ದಿನ ಹೇಗಿರುತ್ತದೆ ನೋಡಿ: ಮಾತ್ರೆ ಯಾವಾಗ, ಸ್ನಾನ ಯಾವಾಗ, ಮಗ್ಗುಲು ಯಾವಾಗ ಬದಲಿಸಬೇಕು, ಎಲ್ಲವನ್ನೂ ಬೇರೆಯವರೇ ತೀರ್ಮಾನಿಸುತ್ತಾರೆ. ಇಂಜೆಕ್ಷನ್ ಬೇಡ ಅಂದರೆ ಯಾರೂ ಕೇಳುವುದಿಲ್ಲ. ಹಾಡು ಬೇಡ ಅಂದರೆ ಕೇಳಬೇಕು. ಹಾಗಾಗಿ ಬೇಡ ಅನ್ನುವುದಕ್ಕೆ ಸುಲಭವಾಗುವ ಹಾಗೆ ಕೇಳಿ. "ಒಂದು ಹಾಡು ಹೇಳಲಾ? ಈಗ ಬೇಡ ಅಂದ್ರೂ ಪರವಾಗಿಲ್ಲ, ಸ್ವಲ್ಪ ಹೊತ್ತು ಇಲ್ಲೇ ಕೂತಿರ್ತೀನಿ." ಬೇಡ ಅಂದರೆ ನಿಜಕ್ಕೂ ಸುಮ್ಮನೆ ಕೂತಿರಿ, ಐದು ನಿಮಿಷ ಬಿಟ್ಟು ಮತ್ತೆ ಕೇಳಬೇಡಿ.

ಮಾತು ಬಾರದಿದ್ದರೆ ಬೆರಳು ಎತ್ತುವುದು, ಕಣ್ಣು ಮಿಟುಕಿಸುವುದು, ಏನಾದರೂ ಒಂದು ಗುರುತು ಮಾಡಿಕೊಳ್ಳಬಹುದು. ಪ್ರಜ್ಞೆಯೇ ಇಲ್ಲದಿದ್ದರೆ ಮನೆಯವರನ್ನು ಕೇಳಿ: ಇವರಿಗೆ ಹಾಡು ಇಷ್ಟವಿತ್ತಾ? ಎಲ್ಲರಿಗೂ ಸಂಗೀತ ಇಷ್ಟ ಅಂತ ನಾವು ಹಾಡುವವರು ನಂಬಿಬಿಟ್ಟಿರುತ್ತೇವೆ. ರೇಡಿಯೋ ಹಾಕಿದರೆ ಸಿಡುಕುತ್ತಿದ್ದವರು, ನಿಶ್ಶಬ್ದವೇ ಬೇಕಿದ್ದವರು ಎಷ್ಟೋ ಜನ ಇದ್ದಾರೆ. ಅಂಥವರಿಗೆ ಕೊನೆಗಾಲದಲ್ಲಿ ಹಾಡು ಹೇರಬಾರದು.

ಆಸ್ಪತ್ರೆ ಅಥವಾ ಹಾಸ್ಪೈಸ್ (ಕೊನೆಗಾಲದಲ್ಲಿರುವವರನ್ನು ನೋಡಿಕೊಳ್ಳುವ ಜಾಗ) ಆದರೆ ನರ್ಸ್‌ಗೆ ಹೇಳಿಯೇ ಹೋಗಿ. ಪಕ್ಕದ ಹಾಸಿಗೆಯವರನ್ನೂ ಒಂದು ಮಾತು ಕೇಳಿ, ಪರದೆ ಎಳೆದ ಮಾತ್ರಕ್ಕೆ ಶಬ್ದ ನಿಲ್ಲುವುದಿಲ್ಲ. ನಿಮಗೆ ಸಣ್ಣ ನೆಗಡಿ ಇದ್ದರೂ ಹೋಗಬೇಡಿ. ಹಾಡುವಾಗ ಮಾತಾಡುವುದಕ್ಕಿಂತ ಜಾಸ್ತಿ ಉಸಿರು ಹೊರಗೆ ಬರುತ್ತದೆ, ಅವರ ಮೈಗೆ ತಡೆಯುವ ಶಕ್ತಿ ಇರುವುದಿಲ್ಲ.

ಯಾವ ಹಾಡು

"ಇವರಿಗೆ ಯಾವ ಹಾಡು ಇಷ್ಟ?" ಅಂತ ಕೇಳಿದರೆ ಮನೆಯವರಿಗೆ ತಟ್ಟನೆ ಹೊಳೆಯುವುದಿಲ್ಲ, ಅಥವಾ ಮರ್ಯಾದೆಗೆ ಒಂದು ದೊಡ್ಡ ಹಾಡಿನ ಹೆಸರು ಹೇಳುತ್ತಾರೆ. ಬೇರೆ ಥರ ಕೇಳಿ. ಕೆಲಸ ಮಾಡುವಾಗ ಏನು ಗುನುಗುತ್ತಿದ್ದರು? ಸ್ನಾನದ ಮನೆಯಲ್ಲಿ ಏನು ಹಾಡುತ್ತಿದ್ದರು? ಮಕ್ಕಳನ್ನು ಮಲಗಿಸುವಾಗ? ಉತ್ತರ ಅಲ್ಲಿ ಸಿಗುತ್ತದೆ. ಸಾಮಾನ್ಯವಾಗಿ ಹತ್ತರಿಂದ ಮೂವತ್ತು ವರ್ಷದೊಳಗೆ ಕೇಳಿದ ಹಾಡುಗಳು ಗಟ್ಟಿಯಾಗಿ ಉಳಿದಿರುತ್ತವೆ, ಹಾಗಾಗಿ ಅವರು ಹುಟ್ಟಿದ ವರ್ಷಕ್ಕೆ ಇಪ್ಪತ್ತು ಕೂಡಿಸಿ ಆ ಕಾಲದ ಹಾಡುಗಳನ್ನು ಹುಡುಕಿದರೂ ಆಗುತ್ತದೆ. ಮರೆವಿನ ಕಾಯಿಲೆ ಇರುವವರಲ್ಲಿ ಇದು ಎದ್ದು ಕಾಣುತ್ತದೆ. ಮಗಳ ಹೆಸರು ಮರೆತವರು ಹಾಡಿನ ಮೂರನೇ ಚರಣ ತಪ್ಪಿಲ್ಲದೆ ಹಾಡುತ್ತಾರೆ.

ಸಾವು ಅಂದ ತಕ್ಷಣ ಭಕ್ತಿಗೀತೆಯೇ ಆಗಬೇಕು ಅಂತೇನಿಲ್ಲ. ದೇವರನ್ನು ನಂಬದವರಿಗೆ ಅದು ಕಿರಿಕಿರಿ. ನಂಬುವವರಿಗೂ ಕೆಲವೊಮ್ಮೆ "ಓ, ನನ್ನ ಕಥೆ ಮುಗೀತು ಅಂತ ಇವರಿಗೆ ಗೊತ್ತಾಗಿದೆ" ಅನ್ನಿಸುತ್ತದೆ. ಒಬ್ಬ ಅಜ್ಜ ನನ್ನ ಹತ್ತಿರ ಸ್ಕೂಲಿನಲ್ಲಿ ಮೇಷ್ಟರನ್ನು ಗೇಲಿ ಮಾಡಿ ಹುಡುಗರು ಕಟ್ಟಿದ್ದ ಪೋಲಿ ಹಾಡೊಂದನ್ನು ಹಾಡಿಸಿದರು. ಅವರಿಗೆ ಧ್ವನಿ ಹೊರಡುತ್ತಿರಲಿಲ್ಲ, ಬರೀ ತುಟಿ ಆಡಿಸಿ ಪದ ಹೇಳಿಕೊಟ್ಟರು, ನಾನು ಎರಡು ಸಲ ತಪ್ಪು ಹಾಡಿದ್ದಕ್ಕೆ ತಲೆ ಚಚ್ಚಿಕೊಳ್ಳುವ ಹಾಗೆ ಮಾಡಿದರು. ಅವರ ಹೆಂಡತಿ ಐವತ್ತು ವರ್ಷದಲ್ಲಿ ಆ ಹಾಡು ಕೇಳಿರಲೇ ಇಲ್ಲವಂತೆ.

ಕೊನೆಕೊನೆಗೆ ಮಾತ್ರ ಗೊತ್ತಿರುವ ಹಾಡು ಬೇಕೋ ಬೇಡವೋ ಅನ್ನುವುದರ ಬಗ್ಗೆ ಎರಡು ಅಭಿಪ್ರಾಯ ಇವೆ. ಅಮೆರಿಕದಲ್ಲಿ ತೆರೇಸ್ ಶ್ರೋಡರ್-ಶೆಕರ್ ಅನ್ನುವ ಹಾರ್ಪ್ ವಾದಕಿ ಸಾಯುವವರಿಗೆಂದೇ ನುಡಿಸುವ ಒಂದು ಪದ್ಧತಿ ಬೆಳೆಸಿದರು. ಅದಕ್ಕೆ ಮ್ಯೂಸಿಕ್-ಥನಟಾಲಜಿ ಅಂತ ಹೆಸರು. ಆ ದಾರಿಯವರು ಕೊನೆಯ ಹಂತದಲ್ಲಿ ಪರಿಚಿತ ಹಾಡುಗಳನ್ನು ಸಾಮಾನ್ಯವಾಗಿ ಬಿಟ್ಟುಬಿಡುತ್ತಾರೆ. ಗೊತ್ತಿರುವ ಹಾಡು ನೆನಪುಗಳನ್ನು ಎಳೆದು ತಂದು ಹೋಗುವವರನ್ನು ಇಲ್ಲಿಗೇ ಕಟ್ಟಿಹಾಕುತ್ತದೆ ಅನ್ನುವುದು ಅವರ ಲೆಕ್ಕ. ನಾನು ಪೂರ್ತಿ ಒಪ್ಪುವುದಿಲ್ಲ, ಪೂರ್ತಿ ತಳ್ಳಿಯೂ ಹಾಕುವುದಿಲ್ಲ. ಮಾತು ಇರುವವರೆಗೆ ಅವರ ಹಾಡು, ಮಾತು ನಿಂತ ಮೇಲೆ ಪದವಿಲ್ಲದ ಗುನುಗು. ಇದು ನಾನು ಮಾಡಿಕೊಂಡ ರೂಢಿ.

ನೋವಿನ ಡ್ರೆಸ್ಸಿಂಗ್ ಮಾಡುವಾಗ, ವಾಂತಿ ಬರುತ್ತಿರುವಾಗ ಅವರ ಅಚ್ಚುಮೆಚ್ಚಿನ ಹಾಡನ್ನು ಹಾಡಬೇಡಿ. ಆ ಹಾಡಿಗೆ ಆ ನೋವು ಅಂಟಿಕೊಂಡುಬಿಡುತ್ತದೆ. ಅಂಥ ಹೊತ್ತಿಗೆ ಬೇರೆ ಯಾವುದಾದರೂ ಹಾಡಿ.

ಕೋಣೆಗೆ ಹೋಗುವ ಮುಂಚೆ, ಹೋದ ಮೇಲೆ

ವಾದ್ಯ ಇದ್ದರೆ ಶ್ರುತಿ ಹೊರಗೇ ಸೇರಿಸಿಕೊಂಡು ಬನ್ನಿ. ತಂತಿ ಬಿಗಿ ಮಾಡುವ ಟೊಯ್ಯ್ ಟೊಯ್ಯ್ ಸದ್ದು ನಿಶ್ಶಕ್ತರಾಗಿ ಮಲಗಿದವರಿಗೆ ಹಿಂಸೆ. ಮೊಬೈಲ್ ಆಫ್ ಮಾಡಿ, ಸೈಲೆಂಟ್ ಅಲ್ಲ, ಆಫ್. ಮಂಚದ ಪಕ್ಕದ ಸ್ಟೀಲ್ ಟೇಬಲ್ ಮೇಲೆ ಅದು ಗುರ್ ಅಂದರೆ ಇಡೀ ಕೋಣೆಗೆ ಕೇಳುತ್ತದೆ. ಬಳೆ, ಕೀ ಗೊಂಚಲು ತೆಗೆದಿಡಿ. ಸೆಂಟ್ ಹಾಕಿಕೊಂಡು ಹೋಗಬೇಡಿ. ಕೈ ತೊಳೆಯಿರಿ.

ಯಾವ ವಾದ್ಯ? ಮೆತ್ತಗೆ ನುಡಿಸಲು ಬರುವಂಥದ್ದು. ಗಿಟಾರ್ ಆದರೆ ಉಗುರು, ಪಿಕ್ ಬಿಟ್ಟು ಬೆರಳ ತುದಿಯಲ್ಲಿ ಮೀಟಿ. ತಂಬೂರಿ, ಶ್ರುತಿಪೆಟ್ಟಿಗೆ ತುಂಬಾ ಒಳ್ಳೆಯದು, ಹಿಂದಿನಿಂದ ಒಂದು ಆಧಾರ ಕೊಟ್ಟ ಹಾಗಿರುತ್ತದೆ. ಕೊಳಲು ದೂರದಿಂದ ಇಂಪು, ಮೂರು ಅಡಿಯಲ್ಲಿ ಕಿವಿಗೆ ಚುಚ್ಚುತ್ತದೆ. ಬಡಿಯುವ ವಾದ್ಯ ಬೇಡ. ಬರೀ ಕಂಠ ಸಾಕು ಅನ್ನುವವರೂ ಇದ್ದಾರೆ, ನಾನೂ ಅದೇ ಗುಂಪು.

ಟಿವಿ ಆಫ್ ಮಾಡಬಹುದಾ ಅಂತ ಕೇಳಿ ಆಫ್ ಮಾಡಿ. ಕಿವಿ ಮಷಿನ್ ಹಾಕುವವರಾದರೆ ಅದು ಕಿವಿಯಲ್ಲಿದೆಯಾ, ಆನ್ ಆಗಿದೆಯಾ ನೋಡಿ. ಇದನ್ನು ಮರೆತು ಇಪ್ಪತ್ತು ನಿಮಿಷ ಹಾಡಿ ಬಂದವರನ್ನು ನಾನು ಬಲ್ಲೆ. (ನಾನೇ.) ಯಾವ ಕಿವಿ ಚೆನ್ನಾಗಿ ಕೇಳುತ್ತದೆ ಅಂತ ಕೇಳಿ ಆ ಬದಿಗೆ ಕೂರಿ. ನಿಂತು ಹಾಡಬೇಡಿ, ಮೇಲಿನಿಂದ ಬಗ್ಗಿ ನೋಡಿದ ಹಾಗಾಗುತ್ತದೆ. ಅವರು ಕತ್ತು ತಿರುಗಿಸದೆ ನಿಮ್ಮ ಮುಖ ಕಾಣಬೇಕು, ಎರಡು ಮೂರು ಅಡಿ ದೂರ ಇರಬೇಕು.

ಒಂದು ಸಣ್ಣ ಉಪಾಯ ಹೇಳುತ್ತೇನೆ, ಇದನ್ನು ಯಾರೂ ಹೇಳಿಕೊಡಲಿಲ್ಲ, ಕೂತು ಕೂತು ಗೊತ್ತಾದದ್ದು. ಕೋಣೆಯಲ್ಲಿ ಆಕ್ಸಿಜನ್ ಯಂತ್ರ ಇದ್ದರೆ ಅದು ಒಂದೇ ಸಮ ಗುಂಯ್ ಅನ್ನುತ್ತಿರುತ್ತದೆ. ಆ ಗುಂಯ್‌ಗೂ ಒಂದು ಶ್ರುತಿ ಇದೆ. ನಿಮ್ಮ ಷಡ್ಜವನ್ನು, ಅಂದರೆ ಸ ಸ್ವರವನ್ನು, ಅದಕ್ಕೇ ಸೇರಿಸಿ. ಬೇರೆ ಶ್ರುತಿಯಲ್ಲಿ ಹಾಡಿದರೆ ನಿಮ್ಮ ಹಾಡೂ ಯಂತ್ರವೂ ಜಗಳವಾಡುತ್ತವೆ. ಸೇರಿಸಿ ಹಾಡಿದರೆ ದಿನವಿಡೀ ತಲೆ ಕೊರೆಯುತ್ತಿದ್ದ ಅದೇ ಸದ್ದು ತಂಬೂರಿ ಆಗಿಬಿಡುತ್ತದೆ. ಒಬ್ಬರು ಇದನ್ನು ಕೇಳಿ ಕಣ್ಣು ಬಿಟ್ಟು ಯಂತ್ರದ ಕಡೆ ನೋಡಿ ನಕ್ಕಿದ್ದರು.

ಉಸಿರು ನೋಡಿ

ಕೂತ ತಕ್ಷಣ ಶುರು ಮಾಡಬೇಡಿ. ಒಂದೆರಡು ನಿಮಿಷ ಸುಮ್ನೆ ಎದೆ ನೋಡಿ. ಹೊದಿಕೆ ಏರಿ ಇಳಿಯುವುದು ಕಾಣುತ್ತದೆ. ಆರಾಮಾಗಿರುವ ದೊಡ್ಡವರ ಉಸಿರು ನಿಮಿಷಕ್ಕೆ ಸುಮಾರು 12ರಿಂದ 20. ಕಾಯಿಲೆಯಲ್ಲಿ ಅದು ಮೂವತ್ತಕ್ಕೂ ಹೋಗಬಹುದು, ಕಡಿಮೆಯೂ ಆಗಬಹುದು. ನಿಮ್ಮ ತಾಳ ಅಲ್ಲಿದೆ, ಬೇರೆ ಎಲ್ಲೂ ಹುಡುಕಬೇಡಿ.

ಅವರು ಉಸಿರು ಬಿಡುವಾಗ ನೀವು ಒಂದು ಸಾಲು ಹಾಡಿ. ಎಳೆದುಕೊಳ್ಳುವಾಗ ನೀವೂ ಎಳೆದುಕೊಳ್ಳಿ. ಉಸಿರು ಜೋರಾಗಿದ್ದರೆ ಎರಡು ಉಸಿರಿಗೆ ಒಂದು ಸಾಲು ಮಾಡಿಕೊಳ್ಳಿ. ಅವರು ಚಡಪಡಿಸುತ್ತಿರುವಾಗ ನೀವು ಮೊದಲೇ ಬಹಳ ನಿಧಾನದ ಹಾಡು ಎತ್ತಿಕೊಂಡರೆ ಅದು ಅವರನ್ನು ಮುಟ್ಟುವುದೇ ಇಲ್ಲ. ಅವರು ಇರುವ ವೇಗಕ್ಕೆ ಹೋಗಿ, ಜೊತೆಗೆ ನಾಲ್ಕು ಹೆಜ್ಜೆ ನಡೆದು, ಆಮೇಲೆ ಒಂದೊಂದೇ ಸಾಲನ್ನು ಕೂದಲೆಳೆಯಷ್ಟು ನಿಧಾನ ಮಾಡುತ್ತಾ ಬನ್ನಿ. 1940ರ ದಶಕದಲ್ಲಿ ಇರಾ ಆಲ್ಟ್‌ಶುಲರ್ ಅನ್ನುವ ಮನೋವೈದ್ಯರು ಇದಕ್ಕೆ ಐಸೋ ತತ್ವ ಅಂತ ಹೆಸರಿಟ್ಟರು. ಹೆಸರು ಹೊಸದು, ಅಳುವ ಮಗುವನ್ನು ಮೊದಲು ಜೋರಾಗಿ ತೂಗಿ ಆಮೇಲೆ ಮೆಲ್ಲಗೆ ತೂಗುವ ಯಾರಿಗೂ ಕೆಲಸ ಹೊಸದಲ್ಲ. ಎಷ್ಟೋ ಸಲ ಉಸಿರು ನಿಮ್ಮ ಜೊತೆ ನಿಧಾನವಾಗುತ್ತದೆ. ಆಗದಿದ್ದರೆ ನಿಮ್ಮ ತಪ್ಪಲ್ಲ, ಎಳೆದಾಡಬೇಡಿ.

ಧ್ವನಿ ಎಷ್ಟಿರಬೇಕು ಅಂದರೆ, ಬಾಗಿಲ ಹೊರಗೆ ನಿಂತವರಿಗೆ ಪದ ಕೇಳಿಸಬಾರದು. ಗಮಕ, ಸಂಗತಿ, ಏರು ಸ್ಥಾಯಿ ಎಲ್ಲ ಮನೆಯಲ್ಲಿ ಬಿಟ್ಟು ಬನ್ನಿ. ಕಲಿತವರಿಗೆ ಇದು ಕಷ್ಟ, ನಿಜವಾಗಲೂ ಕಷ್ಟ, ಕಲಿತದ್ದನ್ನು ತೋರಿಸದೆ ಹಾಡುವುದಕ್ಕೆ ನನಗೆ ಎರಡು ವರ್ಷ ಹಿಡಿಯಿತು.

ಮುಖ ಒಂದನ್ನೇ ನೋಡಬೇಡಿ, ಕೈ ಕಾಲನ್ನೂ ನೋಡುತ್ತಿರಿ. ನಾಲ್ಕು ದಿನದಿಂದ ಮಾತಾಡದ ಒಬ್ಬರ ಹತ್ತಿರ ಹಾಡುತ್ತಿದ್ದೆ. ಮುಖದಲ್ಲಿ ಏನೂ ಇಲ್ಲ, ಬಾಯಿ ಸ್ವಲ್ಪ ತೆರೆದಿತ್ತು. ಹೆಬ್ಬೆರಳು ಮಾತ್ರ ಮಂಚದ ಕಂಬಿ ಮೇಲೆ ಆಡುತ್ತಿತ್ತು. ಮೊದಲು ನಡುಕ ಅಂದುಕೊಂಡೆ. ಸಾಲಿನ ಕೊನೆಗೆ ಅದೂ ನಿಂತಿತು. ಮುಂದಿನ ಸಾಲಿಗೆ ಮತ್ತೆ ಶುರು. ನಾನು ಬೇಕಂತಲೇ ಒಂದು ಸಾಲು ತಡ ಮಾಡಿ ಎತ್ತಿಕೊಂಡೆ, ಬೆರಳು ಕಾಯುತ್ತಿತ್ತು. ಅವರ ಮಗನಿಗೆ ಕಣ್ಣಲ್ಲೇ ತೋರಿಸಿದೆ. ಅವರು ಬಂದು ಆ ಬೆರಳಿನ ಕೆಳಗೆ ತಮ್ಮ ಅಂಗೈ ಇಟ್ಟರು. ಆಮೇಲೆ ತಾಳ ಅಂಗೈ ಮೇಲೆ ಬಿತ್ತು.

ಯಾವಾಗ ನಿಲ್ಲಿಸಬೇಕು

ಹುಬ್ಬು ಗಂಟಿಕ್ಕಿದರೆ, ತಲೆ ಆಚೆ ತಿರುಗಿದರೆ, ಬೆರಳು ಹೊದಿಕೆ ಕಿತ್ತುಕೊಳ್ಳುವ ಹಾಗೆ ಆಡಿದರೆ, ಉಸಿರು ಇದ್ದಕ್ಕಿದ್ದಂತೆ ಜೋರಾದರೆ ನಿಲ್ಲಿಸಿ. ಸಾಲು ಮುಗಿಸಿ ನಿಲ್ಲಿಸೋಣ ಅಂತ ಕಾಯಬೇಡಿ. ದವಡೆ ಸಡಿಲವಾದರೆ, ಬಿಗಿಹಿಡಿದ ಮುಷ್ಟಿ ಬಿಚ್ಚಿದರೆ, ಒಂದು ದೊಡ್ಡ ನಿಟ್ಟುಸಿರು ಬಂದರೆ ಮುಂದುವರಿಸಬಹುದು. ಕಣ್ಣೀರು ಮಾತ್ರ ಎರಡೂ ಆಗಬಹುದು. ಸಾಲಿನ ಕೊನೆಗೆ ನಿಲ್ಲಿಸಿ, "ಇನ್ನೂ ಹಾಡಲಾ, ಸಾಕಾ?" ಅಂತ ಕೇಳಿದರಾಯಿತು. ಬಹಳ ಜನ ಅಳುತ್ತಲೇ "ಹಾಡಿ" ಅನ್ನುತ್ತಾರೆ. ಅಳುವಿನ ಬಗ್ಗೆ ನಮಗೇ ಭಯ ಜಾಸ್ತಿ.

ನೋವಿನಿಂದ ನರಳುತ್ತಿದ್ದರೆ ಹಾಡು ಬಿಟ್ಟು ನರ್ಸ್‌ನ ಕರೆಯಿರಿ. ಹಾಡು ಮಾರ್ಫಿನ್ ಅಲ್ಲ. ನೋವಿನ ಔಷಧ ಹೊತ್ತು ಮೀರಿದ್ದರೆ ಅದನ್ನು ಕೊಡಿಸುವುದೇ ಆ ಹೊತ್ತಿನ ಕೆಲಸ. ಕೊನೆಯ ದಿನಗಳಲ್ಲಿ ಕೆಲವರಿಗೆ ವಿಪರೀತ ತಳಮಳ, ಎದ್ದು ಹೋಗುತ್ತೇನೆ ಅನ್ನುವುದು, ಇಲ್ಲದವರನ್ನು ಕಂಡ ಹಾಗೆ ಮಾತಾಡುವುದು ಬರುತ್ತದೆ. ಆಗ ಯಾವ ಶಬ್ದವೂ ಹೊರೆ. ಸಿಬ್ಬಂದಿಗೆ ತಿಳಿಸಿ, ಸುಮ್ಮನಿರಿ.

ಹದಿನೈದು ಇಪ್ಪತ್ತು ನಿಮಿಷ ಸಾಕು. ನಿದ್ದೆ ಹತ್ತಿದರೆ ಅದಕ್ಕಿಂತ ಮೊದಲೇ ಮುಗಿಸಬಹುದು, ಆದರೆ ಕಡಿದ ಹಾಗೆ ನಿಲ್ಲಿಸದೆ ಧ್ವನಿ ಇಳಿಸುತ್ತಾ ಇಳಿಸುತ್ತಾ ಗುನುಗಿಗೆ ತಂದು ಬಿಡಿ. ಮುಗಿದ ಮೇಲೆ ಹತ್ತು ಉಸಿರು ಎಣಿಸುವಷ್ಟು ಹೊತ್ತು ಅಲ್ಲಾಡದೆ ಕೂತಿರಿ. "ಹೇಗಿತ್ತು?" ಅಂತ ಕೇಳಬೇಡಿ. ಪಾಪ, ಸಾಯುತ್ತಿರುವವರು ನಿಮ್ಮನ್ನು ಹೊಗಳುವ ಕಷ್ಟ ಯಾಕೆ ತೆಗೆದುಕೊಳ್ಳಬೇಕು? ಬಂದವರು ಚಪ್ಪಾಳೆ ತಟ್ಟದ ಹಾಗೂ ಮೊದಲೇ ಹೇಳಿಡಿ.

ಕೊನೆಯ ಗಂಟೆಗಳು

ಇಲ್ಲಿ ಏನೇನು ಕಾಣುತ್ತದೆ ಅಂತ ಮೊದಲೇ ಗೊತ್ತಿದ್ದರೆ ಗಾಬರಿ ಕಡಿಮೆ. ಕೈಕಾಲು ತಣ್ಣಗಾಗುತ್ತದೆ. ಮೊಣಕಾಲು, ಪಾದದ ಮೇಲೆ ನೇರಳೆ ಬಣ್ಣದ ಕಲೆಗಳು ಬರಬಹುದು. ಗಂಟಲಲ್ಲಿ ಗೊರಗೊರ ಸದ್ದು ಬರುತ್ತದೆ. ನುಂಗಲಾಗದ ಎಂಜಲು, ಕಫ ಅಲ್ಲೇ ನಿಂತು ಉಸಿರಾಡಿದಾಗ ಆಗುವ ಸದ್ದು ಅದು. ಕೇಳುವವರಿಗೆ ಕರುಳು ಕಿವುಚುತ್ತದೆ, ಪ್ರಜ್ಞೆ ಇಲ್ಲದ ಅವರಿಗೆ ಅದರಿಂದ ತೊಂದರೆ ಇದ್ದ ಹಾಗೆ ಕಾಣುವುದಿಲ್ಲ ಅಂತಲೇ ವೈದ್ಯರು ಹೇಳುತ್ತಾರೆ. ಉಸಿರು ಒಂದು ವಿಚಿತ್ರ ಅಲೆಗೆ ಬೀಳುತ್ತದೆ: ಆಳವಾಗುತ್ತಾ ಆಳವಾಗುತ್ತಾ ಏರಿ, ಮತ್ತೆ ಸಣ್ಣದಾಗುತ್ತಾ ಇಳಿದು, ಪೂರ್ತಿ ನಿಂತುಹೋಗಿ, ಹತ್ತಿಪ್ಪತ್ತು ಸೆಕೆಂಡ್ ಅಥವಾ ಇನ್ನೂ ಜಾಸ್ತಿ ಹೊತ್ತು ಏನೂ ಇಲ್ಲದೆ, ಮತ್ತೆ ಶುರು. ಡಬ್ಲಿನ್‌ನಲ್ಲಿದ್ದ ಇಬ್ಬರು ವೈದ್ಯರು, 1818ರಲ್ಲಿ ಜಾನ್ ಚೇಯ್ನ್, 1854ರಲ್ಲಿ ವಿಲಿಯಂ ಸ್ಟೋಕ್ಸ್, ಇದನ್ನು ವಿವರಿಸಿ ಬರೆದರು, ಈಗಲೂ ಅವರಿಬ್ಬರ ಹೆಸರಲ್ಲೇ ಕರೆಯುತ್ತಾರೆ.

ಉಸಿರು ನಿಂತ ಆ ಅಂತರದಲ್ಲಿ ಕೋಣೆಯಲ್ಲಿರುವ ಎಲ್ಲರೂ ಉಸಿರು ಹಿಡಿದಿರುತ್ತಾರೆ. ನೀವೂ. ಇಲ್ಲಿ ಹಾಡಿನಿಂದ ಒಂದು ಉಪಕಾರ ಆಗುತ್ತದೆ. ಒಂದೇ ಸ್ವರವನ್ನು, ಮಂದ್ರದಲ್ಲಿ, ಬಾಯಿ ಮುಚ್ಚಿ, ಮ್ ಅಂತ ಹಿಡಿಯಿರಿ. ಉಸಿರು ಮುಗಿದರೆ ಎಳೆದುಕೊಂಡು ಮತ್ತೆ ಹಿಡಿಯಿರಿ. ಆ ಸ್ವರ ಸಾಗುತ್ತಿದ್ದರೆ ಪಕ್ಕದಲ್ಲಿರುವವರೂ ಗೊತ್ತಿಲ್ಲದೆ ಉಸಿರಾಡಲು ಶುರು ಮಾಡುತ್ತಾರೆ, ಹಿಡಿದ ಭುಜ ಇಳಿಯುತ್ತದೆ. ಈ ಹೊತ್ತಿಗೆ ಹಾಡು ಅರ್ಧದಷ್ಟು ಮನೆಯವರಿಗೇ.

ಅವರಿಗೆ ಕೇಳಿಸುತ್ತದೆಯಾ? 2020ರಲ್ಲಿ ಕೆನಡಾದ ಬ್ರಿಟಿಷ್ ಕೊಲಂಬಿಯಾ ವಿಶ್ವವಿದ್ಯಾಲಯದವರು ಹಾಸ್ಪೈಸ್ ರೋಗಿಗಳ ಮೆದುಳಿನ ಅಲೆಗಳನ್ನು ಅಳೆದು ನೋಡಿದ ಅಧ್ಯಯನ ಬಂತು. ಸ್ವರಗಳ ಸರಣಿಯಲ್ಲಿ ಬದಲಾವಣೆ ಮಾಡಿದಾಗ, ಪ್ರತಿಕ್ರಿಯೆಯೇ ಇಲ್ಲದ ಸ್ಥಿತಿಗೆ ಹೋಗಿದ್ದ ಕೆಲವರ ಮೆದುಳೂ ಆರೋಗ್ಯವಂತರ ಮೆದುಳಿನ ಹಾಗೆಯೇ ಸ್ಪಂದಿಸಿತ್ತು. ಕೇಳಿದ್ದು ಅರ್ಥವಾಯಿತು ಅಂತ ಅದು ಹೇಳುವುದಿಲ್ಲ. ಆದರೆ ಮಂಚದ ಪಕ್ಕ ನಿಂತು "ಇನ್ನೆಷ್ಟು ಹೊತ್ತೋ" ಅಂತ ಮಾತಾಡಬಾರದು ಅನ್ನುವುದಕ್ಕೆ ಅಷ್ಟು ಸಾಕು, ಅಲ್ವಾ?

ಕೊನೆಯುಸಿರಿನ ನಂತರ ಹಾಡಬೇಕಾ? ನಾನು ನಿಲ್ಲಿಸುತ್ತೇನೆ. ಆಮೇಲೆ ಕೋಣೆ ಮನೆಯವರದು. ಅವರು ಅಳಲಿ, ಕೂಗಲಿ, ಸುಮ್ಮನಿರಲಿ, ಅದರ ಮೇಲೆ ನನ್ನ ಹಾಡು ಹೊದಿಸಬಾರದು. ಯಾರಾದರೂ ತಿರುಗಿ ನೋಡಿ ಹಾಡಿ ಅಂದರೆ ಹಾಡುತ್ತೇನೆ.

ಮನೆಯವರೇ ಹಾಡುವುದು

ಇದು ಎಲ್ಲಕ್ಕಿಂತ ಒಳ್ಳೆಯದು, ಇದನ್ನೇ ಎಲ್ಲರೂ ಬೇಡ ಅನ್ನುವುದು. "ಅಯ್ಯೋ, ನಮಗೆ ಹಾಡೋಕೆ ಬರಲ್ಲ." ಬರಬೇಕಾಗಿಯೂ ಇಲ್ಲ. ಸಾಯುತ್ತಿರುವವರಿಗೆ ನಿಮ್ಮ ಧ್ವನಿ ಗೊತ್ತು, ನನ್ನದು ಗೊತ್ತಿಲ್ಲ. ಒಬ್ಬ ಮಗ ಹಾಡಲು ಸುತಾರಾಂ ಒಪ್ಪಲಿಲ್ಲ. ಅಪ್ಪ ಏನಾದರೂ ಗುನುಗುತ್ತಿದ್ದರಾ ಅಂತ ಕೇಳಿದೆ. ಇಲ್ಲ, ಸಂಜೆ ಮನೆಗೆ ಬರುವಾಗ ಗೇಟ್ ಹತ್ತಿರ ಒಂದು ಥರ ಸಿಳ್ಳೆ ಹಾಕುತ್ತಿದ್ದರು, ಅದನ್ನು ಕೇಳಿ ನಾವು ಪುಸ್ತಕ ಹಿಡಿದು ಕೂರುತ್ತಿದ್ದೆವು ಅಂದರು. ಹಾಕಿ ತೋರಿಸಿ ಅಂದೆ. ನಾಲ್ಕೇ ಸ್ವರ. ಅದನ್ನೇ ನಾನು ಮೆಲ್ಲಗೆ ಗುನುಗಿದೆ, ಎರಡನೇ ಸಲಕ್ಕೆ ಅವರು ಸೇರಿಕೊಂಡರು, ಆಮೇಲೆ ಅವರ ತಂಗಿ. ಅರ್ಧ ಗಂಟೆ ಆ ನಾಲ್ಕು ಸ್ವರವೇ ನಡೆಯಿತು. ನಾನು ನಡುವೆ ಎದ್ದು ಬಂದದ್ದು ಅವರಿಗೆ ಗೊತ್ತಾಗಲಿಲ್ಲ.

ಮಕ್ಕಳಿದ್ದರೆ ಹೊರಗೆ ಕಳಿಸಬೇಡಿ, ಬಲವಂತವಾಗಿ ಹಾಡಿಸಲೂ ಬೇಡಿ. ಬೇಕಾದರೆ ಅವರೇ ಸೇರುತ್ತಾರೆ.

ಇಬ್ಬರು ಮೂವರು ಒಟ್ಟಿಗೆ ಹಾಡುವುದು ಒಳ್ಳೆಯದು. ಒಬ್ಬರಿಗೆ ಗಂಟಲು ಕಟ್ಟಿದರೆ ಇನ್ನೊಬ್ಬರು ಎಳೆ ಹಿಡಿದಿರುತ್ತಾರೆ. ಕ್ಯಾಲಿಫೋರ್ನಿಯಾದಲ್ಲಿ ಕೇಟ್ ಮಂಗರ್ ಅನ್ನುವವರು 2000ದಲ್ಲಿ ಶುರು ಮಾಡಿದ ಥ್ರೆಶೋಲ್ಡ್ ಕಾಯರ್ ಅನ್ನುವ ಸ್ವಯಂಸೇವಕರ ಬಳಗ ಇದೆ. ವಾದ್ಯವಿಲ್ಲ, ಬರೀ ಕಂಠ, ಮಂಚದ ಪಕ್ಕ ಎರಡರಿಂದ ನಾಲ್ಕು ಜನ. ಅದಕ್ಕಿಂತ ಜಾಸ್ತಿ ಜನ ಸುತ್ತ ನಿಂತರೆ ಮಲಗಿದವರಿಗೆ ಗಾಳಿಯೇ ಇಲ್ಲ ಅನ್ನಿಸುತ್ತದೆ.

ಆಮೇಲೆ

ಸಾವಿನ ನಂತರ ಎಲ್ಲರೂ ಸೇರಿದಾಗ ಹಾಡಬೇಕಾಗಿ ಬಂದರೆ ಒಂದೆರಡು ಲೆಕ್ಕಾಚಾರ. ನೀವು ಯಾವಾಗಲೂ ಹಾಡುವ ಶ್ರುತಿಗಿಂತ ಎರಡು ಮನೆ (ಹಾರ್ಮೋನಿಯಂನ ಎರಡು ಕೀ) ಕೆಳಗೆ ಇಟ್ಟುಕೊಳ್ಳಿ, ಅಳು ಒತ್ತಿದಾಗ ಮೇಲಿನ ಸ್ವರಗಳೇ ಮೊದಲು ಕೈಕೊಡುವುದು. ಮೊದಲ ಚರಣ ತೀರಾ ಹತ್ತಿರದವರು ಹಾಡುವುದು ಬೇಡ. ಬೇರೆಯವರು ಎತ್ತಿಕೊಟ್ಟರೆ ಅವರು ನಡುವೆ ಸೇರಬಹುದು, ಆಗದಿದ್ದರೆ ಸೇರದೆಯೂ ಇರಬಹುದು. ಎರಡು ಹಾಡು ಸಾಕು. ಒಂದು ಎಲ್ಲರಿಗೂ ಬರುವಂಥದ್ದಿರಲಿ.

ದುಃಖದಲ್ಲಿರುವವರನ್ನು ಎಬ್ಬಿಸಿ ಕೂರಿಸಬೇಕು ಅಂತ ಲವಲವಿಕೆಯ ಹಾಡಿನಿಂದ ಶುರು ಮಾಡುವವರಿದ್ದಾರೆ. ಉಸಿರಿನ ವಿಷಯದಲ್ಲಿ ಹೇಳಿದ್ದೇ ಇಲ್ಲಿಯೂ. ಅವರು ಕೂತಲ್ಲಿಗೆ ಹೋಗಿ ಕೂರಿ. ಸಂಕಟದ ಹಾಡು ಸಂಕಟ ಜಾಸ್ತಿ ಮಾಡುತ್ತದೆ ಅಂತೇನಿಲ್ಲ, ಎಷ್ಟೋ ಸಲ "ಹೌದು, ಹೀಗೇ ಆಗ್ತಿದೆ" ಅನ್ನಿಸಿ ಒಂದು ಗಂಟು ಸಡಿಲವಾಗುತ್ತದೆ. ಆದರೆ ಹೋದವರ ಹಾಡನ್ನು ಕೇಳದೆ ಹಾಡಬೇಡಿ. ಖುಷಿಯಾಗಲಿ ಅಂತ ಅಚಾನಕ್ಕಾಗಿ ಎತ್ತಿಕೊಂಡು, ಎದುರಿಗಿದ್ದವರು ಎದ್ದು ಹೊರಗೆ ಹೋದದ್ದನ್ನು ನೋಡಿದ್ದೇನೆ. ಮೂರು ವಾರಕ್ಕೆ ಬೇಡ ಅಂದವರು ಮೂರು ತಿಂಗಳಿಗೆ ಅವರೇ ಕೇಳಬಹುದು. ಎಲ್ಲರೂ ಬಂದು ಹೋಗಿ ಮನೆ ಖಾಲಿಯಾದ ಮೇಲೆ ಹೋಗಿ ಒಂದು ಹಾಡು ಹಾಡಿ ಬರುವುದಕ್ಕೆ ಯಾರಿಗೂ ನೆನಪಿರುವುದಿಲ್ಲ. ನಾನು ಡೈರಿಯಲ್ಲಿ ಬರೆದಿಟ್ಟುಕೊಳ್ಳುತ್ತೇನೆ.

ಅವರು ಇರುವಾಗಲೇ, ಅವರನ್ನು ಕೇಳಿ, ಒಂದೆರಡು ಸಾಲು ಅವರ ಧ್ವನಿಯಲ್ಲೇ ಫೋನಿನಲ್ಲಿ ರೆಕಾರ್ಡ್ ಮಾಡಿಡಿ. ಗೊಗ್ಗರು ಧ್ವನಿ ಇದ್ದರೂ ಸರಿ. ಕೆಲವು ಮ್ಯೂಸಿಕ್ ಥೆರಪಿಸ್ಟ್‌ಗಳು ಎದೆಬಡಿತವನ್ನೇ ರೆಕಾರ್ಡ್ ಮಾಡಿ, ಅದನ್ನೇ ತಾಳವಾಗಿಟ್ಟು ಹಾಡು ಕೂಡಿಸಿ ಮನೆಯವರಿಗೆ ಕೊಡುತ್ತಾರೆ. ರೆಕಾರ್ಡ್ ಮಾಡಿದ ಫೈಲನ್ನು ಇಬ್ಬರ ಹತ್ತಿರ ಇಡಿ, ಫೋನ್ ಕೆಟ್ಟರೆ ಹೋಯಿತು.

ನಿಮ್ಮ ಬಗ್ಗೆ

ಹಾಡುವಾಗ ಕಣ್ಣು ತುಂಬಿ ಬಂದರೆ ಬರಲಿ. ಮನೆಯವರು ನಿಮ್ಮನ್ನು ಸಮಾಧಾನ ಮಾಡುವ ಹಾಗಾದರೆ ಮಾತ್ರ ಹೊರಗೆ ಬನ್ನಿ. ದಿನಕ್ಕೆ ಒಂದು ಕೋಣೆ ಸಾಕು. ನಿಮ್ಮ ಮನೆಯಲ್ಲೇ ಈಚೆಗೆ ಸಾವಾಗಿದ್ದರೆ ಕೆಲವು ತಿಂಗಳು ಬಿಡಿ, ಇಲ್ಲದಿದ್ದರೆ ಎದುರಿಗೆ ಮಲಗಿದವರ ಮುಖದಲ್ಲಿ ನಿಮ್ಮವರೇ ಕಾಣುತ್ತಾರೆ, ಆಗ ನೀವು ಹಾಡುವುದು ಇವರಿಗಲ್ಲ.

ಮತ್ತೆ, ಈ ಕೆಲಸದಲ್ಲಿ ಹಾಡುಗಳು ಸವೆಯುತ್ತವೆ. ನನಗೆ ಪ್ರಾಣವಾಗಿದ್ದ ಮೂರು ಹಾಡುಗಳನ್ನು ಈಗ ಸುಮ್ನೆ ಹಾಡಲು ಆಗುವುದಿಲ್ಲ. ಒಂದೊಂದಕ್ಕೂ ಒಂದೊಂದು ಕೋಣೆ ಅಂಟಿದೆ. ಅದಕ್ಕೇ ಒಂದು ಹಾಡನ್ನು ಬೇರೆ ಎತ್ತಿಟ್ಟುಕೊಳ್ಳಿ. ನನ್ನದೊಂದು ಇದೆ. ಯಾರ ಮಂಚದ ಪಕ್ಕದಲ್ಲೂ ಹಾಡಿಲ್ಲ, ಕೇಳಿದವರಿಗೂ ಬರುವುದಿಲ್ಲ ಅಂತ ಸುಳ್ಳು ಹೇಳಿದ್ದೇನೆ. ಪಾತ್ರೆ ತೊಳೆಯುವಾಗ ಮಾತ್ರ ಹಾಡುತ್ತೇನೆ, ಜೋರಾಗಿ, ನಲ್ಲಿ ಪೂರ್ತಿ ಬಿಟ್ಟು.